ಒಂದು ಕಟ್ಟು, ಎರಡು ಗಂಟೆ

ಫೆಬ್ರವರಿ 1, ಆದಿತ್ಯವಾರ

ಹಾಲಿನ ಸೊಸೈಟಿಯವರು ವರ್ಷಾರಂಭಕ್ಕೆ ಕೊಟ್ಟ ಡೈರಿ ಇದು. ಮುಖಪುಟದಲ್ಲಿ ಹಸು, ಒಳಗೆ ಎಲ್ಲ ಖಾಲಿ. ಸಿಟ್ಟು ಇಳಿಸಲಿಕ್ಕೆ ಒಂದು ಜಾಗ ಬೇಕಿತ್ತು, ಇದೇ ಆಗಲಿ.

ಸೊಸೈಟಿಯ ಅಧ್ಯಕ್ಷ ಭೋಜಣ್ಣ ಇವತ್ತು ಹಾಲು ಕೊಡಲು ಹೋದಾಗ ಹೇಳಿದರು. "ವಿಜೇತಾ, ಹಾಲಿನ ಟೆಸ್ಟರ್ ಅಕ್ಕ ಮೇ ಕೊನೆಗೆ ಕೆಲಸ ಬಿಡ್ತಾರೆ. ನಿನಗೇ ಕೊಡುವ ಅಂತ ಉಂಟು. ಆದ್ರೆ ಹತ್ತನೇ ಪಾಸ್ ಬೇಕು ಮಾರಾಯ್ತಿ, ಕಾಗದ ಇಲ್ಲದೆ ಆಗುದಿಲ್ಲ."

ನನ್ನದು ಲೆಕ್ಕ ಒಂದು ಬಾಕಿ. ಇಪ್ಪತ್ತೆರಡು ವರ್ಷದ ಹಿಂದೆ ನಾಲ್ಕು ಮಾರ್ಕು ಕಮ್ಮಿ ಆದದ್ದು. ಮಾರ್ಚ್ 23ಕ್ಕೆ ಬಂಟ್ವಾಳದಲ್ಲಿ ಪರೀಕ್ಷೆ, ಅರ್ಜಿ ಹಾಕಿ ಆಗಿದೆ. ಈ ಸಲ ಆಗದಿದ್ದರೆ ಕೆಲಸ ಬೇರೆಯವರಿಗೆ. ಹದಿನೇಳು ವರ್ಷದಿಂದ ಬೀಡಿ ಕಟ್ಟುತ್ತಿದ್ದೇನೆ. ಹೊಗೆಸೊಪ್ಪಿನ ಧೂಳಿಗೆ ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮು ಶುರುವಾಗುತ್ತದೆ. ನನಗೆ ಆ ಕೆಲಸ ಬೇಕು. ಬೇಕೇ ಬೇಕು.

ಮನೆಯಲ್ಲಿ ಹೇಳಿದ್ದಕ್ಕೆ ನೀಲಾವತಿ ಅಮ್ಮನವರು, ಅಂದರೆ ನನ್ನ ಅತ್ತೆ, ಬೀಡಿಯ ಬಾಯಿ ಮಡಚುತ್ತಾ ಒಂದೇ ಮಾತು ಹೇಳಿದರು. "ಮಗಳು ಪಿಯುಸಿ, ತಾಯಿ ಹತ್ತನೇ. ಭಾರೀ ಚಂದ." ಹೇಳಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆದರೆ ಅರ್ಧ ಖಾರ ಹೋಗುತ್ತದೆ.

ಫೆಬ್ರವರಿ 8, ಆದಿತ್ಯವಾರ

ವಾಮದಪದವಿನ ಕಾಂತಿ ಟೀಚರ್ ನಿವೃತ್ತರು. ಆದಿತ್ಯವಾರ ಬಾ, ಹೇಳಿಕೊಡ್ತೇನೆ ಎಂದಿದ್ದರು. ಮಗಳು ತೃಪ್ತಿ ಮೂಡುಬಿದಿರೆಯ ಹಾಸ್ಟೆಲಿಗೆ ಹೋಗುವಾಗ ಬಿಟ್ಟು ಹೋದ ಹತ್ತನೆಯ ಪುಸ್ತಕ ಹಿಡಿದುಕೊಂಡು ಹೋದೆ.

ಬೀಜಗಣಿತ ಹೇಗೋ ತಲೆಗೆ ಹೋಗುತ್ತದೆ. ಹೋಗದಿರುವುದು ಈ ಓಡುವ ಲೆಕ್ಕ. ಒಬ್ಬ ಮುಂದೆ ಹೋಗಿದ್ದಾನೆ, ಇನ್ನೊಬ್ಬ ಹಿಂದಿನಿಂದ ಹೊರಡುತ್ತಾನೆ, ಎಷ್ಟು ಹೊತ್ತಿಗೆ ಹಿಡಿಯುತ್ತಾನೆ? ನಾನು ಇಬ್ಬರ ವೇಗವನ್ನೂ ಕೂಡಿಸಿದೆ. ಅವತ್ತು ಫೇಲಾದ ಪರೀಕ್ಷೆಯಲ್ಲೂ ಇದನ್ನೇ ಮಾಡಿದ್ದು, ನನಗೆ ನೆನಪಿದೆ.

"ಕೂಡಿಸಿದ್ದು ಯಾಕೆ?" ಎಂದರು ಟೀಚರ್.

"ಇಬ್ಬರಿದ್ದಾರಲ್ಲ ಟೀಚರ್."

ಅವರು ನಗಲಿಲ್ಲ. ಎದುರುಬದುರು ಬಂದರೆ ಕೂಡಿಸು, ಒಂದೇ ದಿಕ್ಕಾದರೆ ಕಳೆ ಎಂದು ಬರೆದುಕೊಟ್ಟರು. ಬಾಯಿಪಾಠ ಮಾಡಿದೆ. ಮುಂದಿನ ಲೆಕ್ಕಕ್ಕೆ ಕೈ ಪುನಃ ಕೂಡಿಸಿತು.

ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ಈ ಮನೆಗೆ ಬಂದಾಗಿನಿಂದ ಅತ್ತೆ ಮತ್ತು ನಾನು ಕಟ್ಟಿದ್ದು ಒಂದೇ ತಡ್ಪೆಗೆ, ಅಂದರೆ ಬೀಡಿ ಹಾಕುವ ಮೊರಕ್ಕೆ, ಒಂದೇ ಪಾಸ್‌ಬುಕ್ಕಿಗೆ. ಅವರದೆಷ್ಟು, ನನ್ನದೆಷ್ಟು ಎಂದು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರೂ ಕೇಳಿದ್ದಿಲ್ಲ. ಎರಡು ಜೊತೆ ಕೈ ಎಂದರೆ ಕೂಡಿಸುವುದೇ. ಕಳೆಯುವುದು ಎಲ್ಲಿಂದ ಬರಬೇಕು ನನಗೆ?

ಫೆಬ್ರವರಿ 10, ಮಂಗಳವಾರ

ಜಗಳ. ಪುಸ್ತಕವನ್ನು ತೊಡೆಯ ಕೆಳಗೆ ಇಟ್ಟುಕೊಂಡು ಒಂದು ಬೀಡಿಗೆ ಒಂದು ಸಾಲು ಓದುತ್ತಿದ್ದೆ. ಅತ್ತೆ ನನ್ನ ಮಡಿಲಿನಿಂದ ಒಂದು ಬೀಡಿ ಎತ್ತಿ ಬೆಳಕಿಗೆ ಹಿಡಿದರು. "ಇದು ಬೀಡಿಯಾ, ಕೋಳಿಯ ಕಾಲಾ? ಬ್ರಾಂಚಿನಲ್ಲಿ ಬಿಸಾಡ್ತಾರೆ. ನಾನು ಇಬ್ಬರದ್ದೂ ಕಟ್ಟಬೇಕಾ?"

ನನಗೂ ಮಂಡೆ ಬಿಸಿಯಾಯಿತು. "ಹಾಗಾದರೆ ಬೇರೆ ಬೇರೆ ತಡ್ಪೆ ಇಡುವ. ಯಾರದ್ದೆಷ್ಟು ಅಂತ ಗೊತ್ತಾಗ್ತದೆ," ಎಂದೆ.

"ಇಡುವ," ಎಂದರು. ಒಳಗೆ ಹೋಗಿ ಅಟ್ಟದ ಮೇಲಿದ್ದ ಹಳೆಯ ತಡ್ಪೆ ತಂದು ನನ್ನ ಮುಂದೆ ಕುಕ್ಕಿದರು. "ನಾನು ಏಳು ಗಂಟೆಗೆ ಕೂರ್ತೇನೆ. ನೀನು ಹಸು, ಅಡಿಗೆ ಮುಗಿಸಿ ಒಂಬತ್ತಕ್ಕೆ ಬಾ. ಯಾವ ಹೊತ್ತಿಗೆ ನನ್ನ ಲೆಕ್ಕಕ್ಕೆ ಸರಿ ಬರ್ತೀಯೋ ಆವಾಗ ಎದ್ದು ಓದು. ಅಲ್ಲಿವರೆಗೆ ಪುಸ್ತಕ ಮುಟ್ಟಬಾರದು."

ಈ ಮುದುಕಿಗೆ ಅರವತ್ತನಾಲ್ಕು. ನನಗೆ ಮೂವತ್ತೆಂಟು. ನೋಡಿಯೇ ಬಿಡುವ.

ಫೆಬ್ರವರಿ 11, ಬುಧವಾರ

ಮರ್ಯಾದೆ ಲಗಾಡಿ ಹೋಯಿತು.

ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಒಂಬತ್ತಕ್ಕೆ ನಾನು ಕೂತಾಗ ಅತ್ತೆಯ ತಡ್ಪೆಯಲ್ಲಿ ಆರು ಕಟ್ಟು ಇತ್ತು. ಅವರದು ಗಂಟೆಗೆ ಮೂರು ಕಟ್ಟು, ನನ್ನದು ನಾಲ್ಕು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೂರು ನಾಲ್ಕು ಏಳು, ಆರನ್ನು ಏಳರಿಂದ ಭಾಗಿಸಿದರೆ ಐವತ್ತೊಂದು ನಿಮಿಷ. "ಅತ್ತೆ, ಒಂಬತ್ತು ಐವತ್ತೊಂದಕ್ಕೆ ನಾನು ಏಳ್ತೇನೆ," ಎಂದು ದೊಡ್ಡದಾಗಿ ಹೇಳಿದೆ.

ಒಂಬತ್ತು ಐವತ್ತೊಂದಕ್ಕೆ ನನ್ನದು ಮೂರು ಕಟ್ಟು, ಅವರದು ಎಂಟು. ಅತ್ತೆ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಇಡೀ ದಿನ ಆಗಾಗ ನಕ್ಕರು. ಗಂಟೆ ಹತ್ತಾದಾಗ "ಏಳುವುದಿಲ್ಲವಾ?" ಹನ್ನೊಂದಾದಾಗ "ಕಾಲು ಹಿಡಿದಿದೆಯಾ?"

ಸಂಜೆ ನಾಲ್ಕಾಯಿತು ಸರಿ ಬರುವಾಗ. ಆಗ ಓದಲಿಕ್ಕೆ ಮನಸ್ಸೇ ಇರಲಿಲ್ಲ.

ಫೆಬ್ರವರಿ 12, ಗುರುವಾರ

ಸಿಕ್ಕಿತು! ಸಿಕ್ಕಿತು!

ಇವತ್ತು ಹಠದಲ್ಲಿ ಗಂಟೆಗೊಮ್ಮೆ ಎರಡೂ ತಡ್ಪೆ ಎಣಿಸಿ, ಬೀಡಿಯ ಎಲೆಯ ಮೇಲೆ ಬರೆದಿಟ್ಟೆ. ಒಂಬತ್ತಕ್ಕೆ ಅವರು ಆರು, ನಾನು ಸೊನ್ನೆ. ಹತ್ತಕ್ಕೆ ಒಂಬತ್ತು, ನಾಲ್ಕು. ಹನ್ನೊಂದಕ್ಕೆ ಹನ್ನೆರಡು, ಎಂಟು. ನಡುವಿನ ಅಂತರ ಆರು, ಐದು, ನಾಲ್ಕು. ಗಂಟೆಗೆ ಒಂದೇ ಒಂದು ಕಟ್ಟು ಕಮ್ಮಿ ಆಗುವುದು!

ನಾನು ಗಂಟೆಗೆ ನಾಲ್ಕು ಓಡಿದರೂ ಅತ್ತೆಯ ಹತ್ತಿರಕ್ಕೆ ಓಡಿದ್ದು ಒಂದೇ. ಬಾಕಿ ಮೂರು, ಅಷ್ಟರಲ್ಲಿ ಅವರು ಮುಂದೆ ಹೋದದ್ದನ್ನು ತುಂಬಿಸಲಿಕ್ಕೇ ಖರ್ಚು. ಅತ್ತೆ ಅಲ್ಲಾಡದೆ ಕೂತಿದ್ದಾರೆ, ನಾನು ಗಂಟೆಗೆ ಒಂದು ಕಟ್ಟಿನ ಹಾಗೆ ತೆವಳುತ್ತಿದ್ದೇನೆ ಎಂದು ತಿಳಿದರೂ ಉತ್ತರ ಅದೇ. ಆರು ಕಟ್ಟಿಗೆ ಆರು ಗಂಟೆ. ನಡುವೆ ಒಂದರಿಂದ ಎರಡರವರೆಗೆ ಊಟ. ನಾಲ್ಕು ಗಂಟೆ! ನಿನ್ನೆ ಆದದ್ದೂ ಅದೇ!

ಕಳೆಯಬೇಕು ಎಂದು ಟೀಚರ್ ಹೇಳಿದಾಗ ನಾನು ನಂಬಿದ್ದೆ ಅಷ್ಟೆ. ಇವತ್ತು ಕಣ್ಣಲ್ಲಿ ಕಂಡೆ.

"ಅತ್ತೆ, ಇವತ್ತು ನಾಲ್ಕು ಗಂಟೆಗೆ," ಎಂದೆ. ನಾಲ್ಕಕ್ಕೆ ಇಪ್ಪತ್ತನಾಲ್ಕು, ಇಪ್ಪತ್ತನಾಲ್ಕು. ಅತ್ತೆ ನಗಲಿಲ್ಲ. ಎಲೆಯ ಮೇಲೆ ಬರೆದದ್ದನ್ನು ತಿರುಗಿಸಿ ನೋಡಿದರು. ಅವರಿಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಚೆನ್ನಾಗಿ ಗೊತ್ತು.

ಫೆಬ್ರವರಿ 15, ಆದಿತ್ಯವಾರ

ಟೀಚರಿಗೆ ಹೇಳಿದೆ. ಕುರ್ಚಿಯಿಂದ ಎದ್ದು ನಿಂತರು. "ಕೂಡಿಸುವುದು ಯಾವಾಗ ಹಾಗಾದರೆ? ಅದನ್ನೂ ನಿನ್ನ ತಡ್ಪೆಯಲ್ಲಿ ತೋರಿಸು," ಎಂದರು.

ಬಸ್ಸು ಬರುವವರೆಗೆ ಹೊಳೆಯಲಿಲ್ಲ. ಮನೆಗೆ ಬಂದು ಎಲೆಯ ಬುಟ್ಟಿ ನೋಡಿದಾಗ ಹೊಳೆಯಿತು. ಕತ್ತರಿಸಿದ ಎಲೆಯ ಬುಟ್ಟಿ ಒಂದೇ, ನಮ್ಮಿಬ್ಬರ ನಡುವೆ. ಆ ಕಡೆಯಿಂದ ಅವರು ತೆಗೆಯುತ್ತಾರೆ, ಈ ಕಡೆಯಿಂದ ನಾನು. ಇಪ್ಪತ್ತೊಂದು ಕಟ್ಟಿನ ಎಲೆ ಇದ್ದರೆ ಗಂಟೆಗೆ ಏಳರಂತೆ ಮೂರು ಗಂಟೆಯಲ್ಲಿ ಖಾಲಿ. ಎದುರುಬದುರು ಬರುವ ಎರಡು ರೈಲು ಎಂದರೆ ಇದೇ. ನಡುವಿನ ದಾರಿಯನ್ನು ಇಬ್ಬರೂ ತಿನ್ನುತ್ತಾರೆ.

ಫೆಬ್ರವರಿ 18, ಬುಧವಾರ

ನಾಲ್ಕಕ್ಕೆ ಏಳುವುದು. ಐದೂವರೆಗೆ ಹಾಲು ಕರೆಯಬೇಕು. ಒಂದೂವರೆ ಗಂಟೆ. ತ್ರಿಭುಜ, ವೃತ್ತ, ಸಂಖ್ಯಾಶಾಸ್ತ್ರ, ಎಲ್ಲ ಬಾಕಿ.

ಫೆಬ್ರವರಿ 21, ಶನಿವಾರ

ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ನೋಡಿದೆ. ಇಪ್ಪತ್ತೆರಡು. ಓಡುವ ಲೆಕ್ಕ ಸರಿ, ಬೇರೆಯದೆಲ್ಲ ಅರ್ಧಂಬರ್ಧ. ಸಮಯ ಸಾಲುವುದಿಲ್ಲ, ಬೇರೇನೂ ಅಲ್ಲ. ಪುಸ್ತಕವನ್ನು ಜಗಲಿಯ ಮೂಲೆಗೆ ಬಿಸಾಡಿ ಅತ್ತುಬಿಟ್ಟೆ. ಅತ್ತೆ ಅಲ್ಲೇ ಇದ್ದರು, ನಾಚಿಕೆಗೇಡು.

"ಎಷ್ಟು ಬಂತು?"

"ಇಪ್ಪತ್ತೆರಡು."

"ಎಷ್ಟು ಬೇಕು?"

"ಇನ್ನೂ ಹದಿಮೂರು."

ಅವರು ನೂಲು ಸುತ್ತಿದರು. ನಾಲ್ಕು ಗಂಟೆಯ ಕರಾರು ಬಿಡಿ ಅತ್ತೆ ಎಂದು ಕೇಳಬಹುದಿತ್ತು. ಕೇಳುವುದಿಲ್ಲ. ಸತ್ತರೂ ಕೇಳುವುದಿಲ್ಲ. ಪುಸ್ತಕವನ್ನು ಹೋಗಿ ಹೆಕ್ಕಿಕೊಂಡು ಬಂದೆ.

ಫೆಬ್ರವರಿ 23, ಸೋಮವಾರ

ಇವತ್ತು ಊಟ ಮುಗಿಸಿ ಎರಡು ಗಂಟೆಗೆ ಬಂದು ಎಣಿಸಿದರೆ ಇಬ್ಬರದ್ದೂ ಹದಿನೇಳು! ನಾಲ್ಕಕ್ಕೆ ಬರಬೇಕಾದದ್ದು ಎರಡಕ್ಕೇ ಬಂತು. ಅತ್ತೆಯ ಮುಖ ನೋಡಬೇಕಿತ್ತು. "ಹೋಗು, ಹೋಗು, ದೊಡ್ಡ ಜನ," ಎಂದು ಗೊಣಗಿದರು. ಮೂರೂವರೆ ಗಂಟೆ ಓದಿದೆ! ವೃತ್ತದ ಪಾಠ ಅರ್ಧ ಮುಗಿಯಿತು.

ನನ್ನ ಕೈ ಚೂರು ಚುರುಕಾಗಿರಬೇಕು. ಅವರದು ಚೂರು ನಿಧಾನ ಆಗಿರಬೇಕು. ಪ್ರಾಯ ಯಾರನ್ನು ಬಿಟ್ಟಿದೆ?

ಫೆಬ್ರವರಿ 25, ಬುಧವಾರ

ಎರಡು ಗಂಟೆಗೆ. ಹದಿನೇಳು, ಹದಿನೇಳು. ಸತತ ಮೂರು ದಿನ!

ಫೆಬ್ರವರಿ 27, ಶುಕ್ರವಾರ

ಮಸ್ಕತ್‌ನಿಂದ ಗಂಡ ರಂಜಿತ್ ಫೋನ್ ಮಾಡಿದ್ದರು. ಶುಕ್ರವಾರ ಅವರ ಹೋಟೆಲಿಗೆ ರಜೆ. ನಾನು ಜಂಬ ಕೊಚ್ಚಿದೆ, ನಿಮ್ಮ ಅಮ್ಮನನ್ನು ದಿನಾ ಎರಡು ಗಂಟೆಗೆ ಹಿಡಿಯುತ್ತೇನೆ ಎಂದು. "ಅಮ್ಮನನ್ನಾ?" ಎಂದು ಅವರು ಎರಡು ಸಲ ಕೇಳಿದರು.

ಅದು ಕಿವಿಯಲ್ಲಿ ಉಳಿಯಿತು. ಇವತ್ತು ಮೊಬೈಲ್ ಇಟ್ಟು ನನ್ನ ಸಮಯ ನೋಡಿದೆ. ಒಂದು ಗಂಟೆಗೆ ನಾಲ್ಕೇ ಕಟ್ಟು, ಒಂದು ಬೀಡಿ ಹೆಚ್ಚಿಲ್ಲ. ಕದ್ದು ಅತ್ತೆಯದನ್ನೂ ನೋಡಿದೆ. ಮೂರೇ, ಒಂದು ಬೀಡಿ ಕಮ್ಮಿಯಿಲ್ಲ. ಹಾಗಾದರೆ ನಾಲ್ಕು ಗಂಟೆಗೇ ಹಿಡಿಯಬೇಕು. ಎರಡಕ್ಕೆ ಹೇಗೆ? ನಾನು ಕಂಡುಕೊಂಡ ಅಂತರದ ಲೆಕ್ಕವೇ ತಪ್ಪಾ? ಆರು ಸಲ ಮಾಡಿದೆ. ಆರು ಸಲವೂ ನಾಲ್ಕು ಗಂಟೆ.

ಗೊತ್ತಿದ್ದ ಒಂದು ಲೆಕ್ಕವೂ ಕೈ ಬಿಟ್ಟರೆ ಪರೀಕ್ಷೆಗೆ ಎಂತ ಹಿಡಿದುಕೊಂಡು ಹೋಗುವುದು?

ಮಾರ್ಚ್ 1, ಆದಿತ್ಯವಾರ

ಕಾಂತಿ ಟೀಚರ್ ನನ್ನ ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿದರು. "ಲೆಕ್ಕ ಸರಿ ಉಂಟು ವಿಜೇತಾ. ಲೆಕ್ಕವನ್ನು ಅನುಮಾನಿಸಬೇಡ. ಕೊಟ್ಟ ಸಂಖ್ಯೆಯನ್ನು ಇನ್ನೊಮ್ಮೆ ಎಣಿಸು."

ಎಣಿಸುತ್ತೇನೆ. ಈ ಎರಡು ವಾರದಿಂದ ಗಂಟೆಗೊಮ್ಮೆ ಎಣಿಸುವುದು ಬಿಟ್ಟು, ಊಟ ಆದ ಮೇಲೆ ಮಾತ್ರ ಎಣಿಸುತ್ತಿದ್ದೆ.

ಮಾರ್ಚ್ 2, ಸೋಮವಾರ

ಒಂದು ಗಂಟೆಗೆ, ಊಟಕ್ಕೆ ಏಳುವ ಮೊದಲು ಎಣಿಸಿದೆ. ಅತ್ತೆ ಕೈ ತೊಳೆಯಲು ಹೋಗಿದ್ದರು. ಅವರದು ಹದಿನೆಂಟು, ನನ್ನದು ಹದಿನಾರು. ಎರಡು ಕಟ್ಟು ಹಿಂದೆ. ಲೆಕ್ಕ ಹೇಳಿದ ಹಾಗೆಯೇ.

ಊಟ ಮಾಡಿದೆವು. ನಾನು ಪಾತ್ರೆ ತೊಳೆದು ಹಸುವಿಗೆ ಅಕ್ಕಚ್ಚು ಕೊಟ್ಟು ಬಂದೆ. ಅತ್ತೆ ಯಾವಾಗಿನಂತೆ ನನಗಿಂತ ಮೊದಲು ಜಗಲಿಗೆ ಬಂದು ಕಾಲು ನೀಡಿ ಕೂತಿದ್ದರು. ಎಣಿಸಿದೆ. ಹದಿನೇಳು, ಹದಿನೇಳು. ಯಾರೂ ಒಂದು ಬೀಡಿ ಕಟ್ಟಿರಲಿಲ್ಲ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಾನು ಗೆದ್ದದ್ದೇ ಅಲ್ಲ. ರಂಜಿತ್ ಹತ್ತಿರ ಬೇರೆ ಜಂಬ ಕೊಚ್ಚಿ ಆಗಿದೆ.

"ಅತ್ತೆ, ನಿಮ್ಮ ಒಂದು ಕಟ್ಟು ನನ್ನ ತಡ್ಪೆಗೆ ಬಂದಿದೆ."

"ಯಾವ ಕಟ್ಟು?"

"ಊಟಕ್ಕೆ ಮೊದಲು ನನ್ನದು ಹದಿನಾರು ಇತ್ತು. ನಾನು ಎಣಿಸಿದ್ದೇನೆ."

ಅತ್ತೆ ಕತ್ತರಿ ಎತ್ತಿಕೊಂಡರು. "ನಿನಗೆ ಎಣಿಸಲಿಕ್ಕೆ ಬರುದಿಲ್ಲ. ಅದಕ್ಕೇ ಫೇಲ್ ಆದದ್ದು. ಹೋಗು, ಪುಸ್ತಕ ತೆಗಿ."

ಬೊಬ್ಬೆ ಹಾಕಬೇಕು ಎಂದಿದ್ದೆ. ಪುಸ್ತಕ ತೆಗೆದು ಕೂತೆ.

ಮಾರ್ಚ್ 3, ಮಂಗಳವಾರ

ಸಿಟ್ಟು ಇಳಿದ ಮೇಲೆ ಕೂತು ಬಿಡಿಸಿದೆ. ಒಂದು ಕಟ್ಟು ಅವರ ತಡ್ಪೆಯಿಂದ ಹೋದರೆ ಅವರದು ಒಂದು ಕಮ್ಮಿ. ಅದೇ ಕಟ್ಟು ನನ್ನದಕ್ಕೆ ಬಿದ್ದರೆ ನನ್ನದು ಒಂದು ಹೆಚ್ಚು. ಅಂತರ ಎರಡು ಕಮ್ಮಿ. ಗಂಟೆಗೆ ಒಂದರಂತೆ ತೆವಳುವ ನನಗೆ ಎರಡು ಎಂದರೆ ಎರಡು ಗಂಟೆ.

ಒಂದು ಕಟ್ಟು. ಇಪ್ಪತ್ತೈದು ಬೀಡಿ. ಎರಡು ಗಂಟೆ.

ಈ ಹೆಂಗಸಿಗೆ ಇದು ಗೊತ್ತಿತ್ತಾ? ಎರಡಲ್ಲ, ಮೂರಲ್ಲ, ಸರಿಯಾಗಿ ಒಂದೇ ಕಟ್ಟು. ಗೊತ್ತಿತ್ತು. ನಾನು ಬರೆದ ಆ ಎಲೆಯನ್ನು ಅವತ್ತು ತಿರುಗಿಸಿ ನೋಡಿದ್ದರು.

ಇನ್ನು ಊಟಕ್ಕೆ ಮೊದಲು ಎಣಿಸುವುದಿಲ್ಲ.

ಮಾರ್ಚ್ 9, ಸೋಮವಾರ

ವೃತ್ತ ಮುಗಿಯಿತು. ತ್ರಿಭುಜ ಮುಗಿಯಿತು. ಎರಡು ಗಂಟೆಗೆ ಸರಿಯಾಗಿ ಏಳುತ್ತೇನೆ. ನಾನು ಎದ್ದ ಮೇಲೂ ಅತ್ತೆ ದೀಪ ಹಚ್ಚುವ ಹೊತ್ತಿನವರೆಗೆ ಕೂತಿರುತ್ತಾರೆ. ಇವತ್ತು ನಡುವೆ ಎದ್ದು ಅವರಿಗೆ ಕಾಫಿ ಮಾಡಿಕೊಟ್ಟೆ. ಸಕ್ಕರೆ ಹೆಚ್ಚಾಯಿತು ಎಂದು ಬೈದರು.

ಮಾರ್ಚ್ 14, ಶನಿವಾರ

ಇನ್ನೊಂದು ಪ್ರಶ್ನೆಪತ್ರಿಕೆ. ಮೂವತ್ತೇಳು!

"ಎಷ್ಟು?" ಎಂದರು ಅತ್ತೆ. ಹೇಳಿದೆ. "ಎರಡು ಜಾಸ್ತಿ," ಎಂದರು. ಅವರಿಗೆ ಮೂವತ್ತೈದು ನೆನಪಿತ್ತು. ಇಪ್ಪತ್ತೆರಡಕ್ಕೆ ಹದಿಮೂರು ಅವರೇ ಕೂಡಿಸಿಕೊಂಡಿದ್ದಾರೆ.

ಮಾರ್ಚ್ 18, ಬುಧವಾರ

ಅತ್ತೆಗೆ ಬೆರಳು ಹಿಡಿದಿದೆ. ರಾತ್ರಿ ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಅವರ ಹೆಬ್ಬೆರಳಿನ ತುದಿ ಎಲೆಯಷ್ಟೇ ಒಣಗಿದೆ. ಸಂಖ್ಯಾಶಾಸ್ತ್ರ ಅರ್ಧ ಗಂಟೆ ಕಮ್ಮಿ ಆಯಿತು, ಪರವಾಗಿಲ್ಲ, ನಾಳೆ ಮಾಡುತ್ತೇನೆ.

ಮಾರ್ಚ್ 22, ಆದಿತ್ಯವಾರ

ನಾಳೆ ಪರೀಕ್ಷೆ. ಪೆನ್ನು ಎರಡು, ಸ್ಕೇಲು, ಹಾಲ್ ಟಿಕೆಟ್. ಬಸ್ಸು ಏಳೂಕಾಲಿಗೆ.

ಸಂಜೆ ಜಗಲಿಯಲ್ಲಿ ಕೇಳಿಯೇ ಬಿಟ್ಟೆ. "ಅತ್ತೆ, ಕರಾರು ಬಿಡ್ತೇನೆ, ಓದಿಕೋ ಅಂತ ಬಾಯಿಬಿಟ್ಟು ಒಂದು ಮಾತು ಹೇಳಬಹುದಿತ್ತಲ್ಲ?"

ಅವರು ಕಟ್ಟಿಗೆ ನೂಲು ಸುತ್ತಿ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದರು. "ನನ್ನನ್ನು ಹಿಡಿದ ಮೇಲೆ ಏಳು ಅಂತ ಹೇಳಿದ್ದು ನಾನೇ. ಹೇಳಿದ ಮಾತು ಹಿಂದೆ ತೆಗಿಲಿಕ್ಕೆ ನನಗೆ ಬರುದಿಲ್ಲ. ಮತ್ತೆ ಎಂತ ಮಾಡುದು, ನೀನೇ ಹೇಳು?"

ನಾನು ಎದ್ದೆ. ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟೆ.

ಮಾರ್ಚ್ 23, ಸೋಮವಾರ

ಬಂದಿತ್ತು! ಎ ಮತ್ತು ಬಿ ಎಂಬ ಎರಡು ಊರು, ನಡುವೆ 120 ಕಿಲೋಮೀಟರ್. ಎರಡು ಊರಿನಿಂದಲೂ ಒಂದೊಂದು ಕಾರು ಒಟ್ಟಿಗೆ ಹೊರಡುತ್ತದೆ. ಒಂದೇ ದಿಕ್ಕಿಗೆ ಹೋದರೆ ಆರು ಗಂಟೆಗೆ ಸಿಗುತ್ತವೆ, ಎದುರುಬದುರು ಬಂದರೆ ಒಂದೂವರೆ ಗಂಟೆಗೆ. ವೇಗ ಎಷ್ಟು?

ಸುತ್ತಲೂ ಹದಿನೈದು ಹದಿನಾರು ವರ್ಷದ ಮಕ್ಕಳು, ನಡುವೆ ನಾನು, ಕೆಮ್ಮುತ್ತಾ. ಕಣ್ಣು ಮುಚ್ಚಿದೆ. ಹಿಂದಿನ ಕಾರು ನಾನು, ಮುಂದಿನದು ಅತ್ತೆ. ಆರು ಗಂಟೆಯಲ್ಲಿ 120ರ ಅಂತರ ಮುಗಿಯಬೇಕಾದರೆ ಗಂಟೆಗೆ 20 ಕಮ್ಮಿ ಆಗಬೇಕು. ಅದು ತಡ್ಪೆ. ಒಂದೂವರೆ ಗಂಟೆಯಲ್ಲಿ 120ನ್ನು ಇಬ್ಬರೂ ಸೇರಿ ತಿನ್ನಬೇಕಾದರೆ ಗಂಟೆಗೆ 80. ಅದು ಎಲೆಯ ಬುಟ್ಟಿ. ನಾನು 50, ಅತ್ತೆ 30.

ತಾಳೆ ನೋಡಿದೆ. ಕೊಟ್ಟ ಸಂಖ್ಯೆಯನ್ನೂ ಇನ್ನೊಮ್ಮೆ ಎಣಿಸಿದೆ. ಸರಿ ಉಂಟು.

ಮನೆಗೆ ಬಂದಾಗ ಮೂರು ಗಂಟೆ. ಅತ್ತೆ ನನ್ನ ತಡ್ಪೆಯನ್ನು ಒರೆಸಿ ಗೋಡೆಗೆ ಒರಗಿಸಿಟ್ಟಿದ್ದರು. "ಇವತ್ತು ನೀನು ಕೂರುದು ಬೇಡ," ಎಂದರು. ನಾನು ಕೂತೆ.

ಏಪ್ರಿಲ್ 28, ಮಂಗಳವಾರ

ನಲವತ್ತಾರು.

ತೃಪ್ತಿ ಮೂಡುಬಿದಿರೆಯಿಂದ ಫೋನಿನಲ್ಲಿ ನೋಡಿ ಹೇಳಿದಳು. ನಂಬಿಕೆ ಬರದೆ ಮೂರು ಸಲ ಹೇಳಿಸಿದೆ. ಅತ್ತೆ "ಎಷ್ಟು ಜಾಸ್ತಿ?" ಎಂದರು. "ಹನ್ನೊಂದು," ಎಂದೆ. ಎದ್ದು ಒಳಗೆ ಹೋದರು. ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದು, ಹೊಗೆಸೊಪ್ಪಿನ ಧೂಳು ಕಣ್ಣಿಗೆ ಹೋಯಿತು ಎಂದರು. ಅವರು ಆವರೆಗೆ ಎಲೆ ಕತ್ತರಿಸುತ್ತಿದ್ದರು, ಹೊಗೆಸೊಪ್ಪಿನ ಡಬ್ಬ ಮುಚ್ಚಿಯೇ ಇತ್ತು.

ಜೂನ್ 9, ಮಂಗಳವಾರ

ಸೊಸೈಟಿಯಲ್ಲಿ ಒಂದು ವಾರ ಆಯಿತು. ಬೆಳಿಗ್ಗೆ ಆರರಿಂದ ಎಂಟೂವರೆ, ಸಂಜೆ ನಾಲ್ಕೂವರೆಯಿಂದ ಆರು. ಹಾಲಿನ ಯಂತ್ರದಲ್ಲಿ ಅಂಕಿ ನೋಡಿ ಬರೆಯುವುದು. ಭೋಜಣ್ಣ "ಟೆಸ್ಟರ್ ಮೇಡಂ" ಎಂದು ತಮಾಷೆ ಮಾಡುತ್ತಾರೆ. ನಡುವಿನ ಹೊತ್ತು ಜಗಲಿಗೆ ಬಂದು ಕೂರುತ್ತೇನೆ. ಬೀಡಿ ಬಿಡು ಎಂದು ರಂಜಿತ್ ಹೇಳುತ್ತಾರೆ. ಅತ್ತೆ ಬಿಡುವವರೆಗೆ ನಾನೂ ಬಿಡುವುದಿಲ್ಲ, ಕೆಮ್ಮು ಹೇಗೂ ಕಮ್ಮಿಯಾಗಿದೆ.

ತಡ್ಪೆ ಈಗಲೂ ಎರಡು. ಅತ್ತೆಯ ಬೆರಳು ಪೂರ್ತಿ ಗುಣವಾಗಿಲ್ಲ. ಗಂಟೆಗೆ ಮೂರು ಇದ್ದದ್ದು ಎರಡಕ್ಕೆ ಇಳಿದಿದೆ. ಅವರಾಗಿ ಹೇಳಿದ್ದಲ್ಲ, ನಾನು ಎಣಿಸಿದ್ದು. ಹದಿನೆಂಟು ಕಟ್ಟು ಆಗದೆ ಏಳುವುದಿಲ್ಲ ಎಂದು ಅವರದೊಂದು ಹಠ. ಎಷ್ಟೇ ನೋವಿರಲಿ, ಎಷ್ಟೇ ಹೊತ್ತಾಗಲಿ. ಬಿಡಿ ಅತ್ತೆ ಎಂದರೆ ಕೇಳುವವರಲ್ಲ. ಹೇಳಿದ ಮಾತು ಹಿಂದೆ ತೆಗೆಯಲು ಅವರಿಗೆ ಬರುವುದಿಲ್ಲವಲ್ಲ.

ಇವತ್ತು ಊಟ ಆದ ಮೇಲೆ ಪಾತ್ರೆ ಹಾಗೇ ಬಿಟ್ಟು ಅವರಿಗಿಂತ ಮೊದಲು ಜಗಲಿಗೆ ಬಂದೆ. ನನ್ನ ತಡ್ಪೆಯಿಂದ ಎರಡು ಕಟ್ಟು ತೆಗೆದು ಅವರ ತಡ್ಪೆಯ ಅಡಿಯಲ್ಲಿ ಇಟ್ಟೆ. ಎರಡು ಕಟ್ಟಿಗೆ ಒಂದು ಗಂಟೆ.

ಅತ್ತೆ ಬಂದು ಕೂತರು. ಎಣಿಸಿದರು. ನಿಲ್ಲಿಸಿ ಪುನಃ ಮೊದಲಿನಿಂದ ಎಣಿಸಿದರು. ಒಂದು ಕಟ್ಟು ಎತ್ತಿ ಬೆಳಕಿಗೆ ಹಿಡಿದು ಬೀಡಿಯ ಬಾಯಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಊಟಕ್ಕೆ ಮೊದಲು ನನ್ನದು ಹನ್ನೆರಡು ಇತ್ತು," ಎಂದರು.

ನಾನು ಕತ್ತರಿ ಎತ್ತಿಕೊಂಡೆ. "ನಿಮಗೆ ಎಣಿಸಲಿಕ್ಕೆ ಬರುದಿಲ್ಲ ಅತ್ತೆ. ಹತ್ತನೇ ಪಾಸಾದವಳು ನಾನು. ಹದಿನಾಲ್ಕೇ ಇತ್ತು."